ಮಾಳಿಗೆಯ ಛತ್ರಿಗೆ ನೆಲದ ಕಾಟ

ಕಳೆದ ವರ್ಷ ಅನುವಾದಕ್ಕೆಂದು ಬಂದ ಕಡತಗಳಲ್ಲಿ ಎಂಟು ಪುಟದ ಒಂದು ಕೈಪಿಡಿ ಇತ್ತು. ಡಿಶ್ ಆಂಟೆನಾಕ್ಕೆ ಸಿಕ್ಕಿಸುವ ಫಿಲ್ಟರ್ ಒಂದರದು. ಮೊದಲ ಸಾಲಿನಲ್ಲೇ 'ಇಂಟರ್‌ಫಿಯರೆನ್ಸ್' ಎಂಬ ಪದ. ಭೌತಶಾಸ್ತ್ರದ ಪಠ್ಯಪುಸ್ತಕಗಳು ಅದಕ್ಕೆ 'ವ್ಯತಿಕರಣ' ಎನ್ನುತ್ತವೆ. ಬೆಳಕಿನ ಅಲೆಗಳು ಕೂಡಿ, ಕಳೆದು, ಪರದೆಯ ಮೇಲೆ ಪಟ್ಟೆ ಮೂಡಿಸುವುದಕ್ಕೆ ಅದು ಸರಿ. ಪತ್ರಿಕೆಗಳ ಪದ 'ಹಸ್ತಕ್ಷೇಪ'. ಅದನ್ನು ಓದಿದರೆ ಯಾವುದೋ ವರ್ಗಾವಣೆಯಲ್ಲಿ ಶಾಸಕರು ಕೈಹಾಕಿದಂತೆ ಕೇಳುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಇದ್ದ ಪದ ಬೇರೆ. ಅಪ್ಪ ಅದನ್ನು 'ಕಾಟ' ಎನ್ನುತ್ತಿದ್ದರು. ಟವರಿನ ಕಾಟ.

ನಾವಿದ್ದದ್ದು ಡೊಂಬಿವಲಿಯಲ್ಲಿ. ತೊಂಬತ್ತರ ದಶಕದ ಕೊನೆಗೆ ಕೇಬಲ್‌ನವನ ತಂತಿಯಲ್ಲಿ ಮರಾಠಿ, ಹಿಂದಿ, ಗುಜರಾತಿ ಎಲ್ಲ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮೂರು ಮನೆಗಾಗಿ ಒಂದು ಚಾನೆಲ್ ಹಾಕಲು ಅವನಿಗೇನು ಹುಚ್ಚೇ. ಆ ಮೂರೂ ಮನೆಯವರು ದುಡ್ಡು ಕೂಡಿಸಿ ಕಟ್ಟಡದ ಮಾಳಿಗೆಯ ಮೇಲೆ ಎಂಟು ಅಡಿಯ ಜಾಲರಿ ಡಿಶ್ ನಿಲ್ಲಿಸಿದರು. ಅಕ್ಕಪಕ್ಕದವರು ಅದನ್ನು ಛತ್ರಿ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಮಳೆಗಾಲದ ಗಾಳಿಗೆ ಅದು ತುಸು ಅಲುಗಿದರೆ ಅಪ್ಪ ಸ್ಪ್ಯಾನರ್ ಹಿಡಿದು ಮೇಲೆ ಹೋಗುವರು, ಅವ್ವ ಬಾಲ್ಕನಿಯಲ್ಲಿ ನಿಲ್ಲುವಳು. "ಬಂತೇನು?" "ಇನ್ನಾ ಇಲ್ರೀ." "ಈಗ?" "ಬಂತು ಬಂತು… ಹೋತು."

ಕೆಲವು ವರ್ಷ ಕಳೆದ ಮೇಲೆ ಎದುರಿನ ಕಟ್ಟಡದ ನೆತ್ತಿಗೆ ಮೊಬೈಲ್ ಟವರು ಬಂತು. ಆವತ್ತಿನಿಂದ ಒಂದು ಚಾನೆಲ್ ಮಾತ್ರ ಚೌಕಚೌಕವಾಗಿ ಒಡೆಯತೊಡಗಿತು, ಉಳಿದವು ಚೆನ್ನಾಗಿಯೇ ಇದ್ದವು. ಡಿಶ್ ಅಲುಗಿದ್ದರೆ ಎಲ್ಲವೂ ಕೆಡಬೇಕಿತ್ತು. ಒಂದೇ ಏಕೆ? ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಆ ಕೈಪಿಡಿಯ ನೆಪದಲ್ಲಿ ಓದಲು ಕುಳಿತಾಗ. ಓದುತ್ತ ಹೋದರೆ ಕಾಟದ ಇತಿಹಾಸ ಮೊಬೈಲಿಗಿಂತ ಹಳೆಯದು ಎಂದು ತಿಳಿಯಿತು. ಮನೆಯ ಡಿಶ್ ಹುಟ್ಟುವ ಮೊದಲೇ ಕಾಟ ಹುಟ್ಟಿತ್ತು.

1951ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಮೈಕ್ರೋವೇವ್ ಗೋಪುರಗಳ ಸಾಲನ್ನು ಪೂರ್ತಿಗೊಳಿಸಿತು. ಸುಮಾರು 50 ಕಿಲೊಮೀಟರಿಗೊಂದು ಗೋಪುರ. ಒಂದರಿಂದ ಇನ್ನೊಂದಕ್ಕೆ ದೂರವಾಣಿ ಕರೆಗಳೂ ಟಿವಿ ಕಾರ್ಯಕ್ರಮಗಳೂ ಜಿಗಿಯುತ್ತ ದೇಶ ದಾಟುತ್ತಿದ್ದವು. ಈ ವ್ಯವಸ್ಥೆ ಬಳಸಿದ್ದು 3,700ರಿಂದ 4,200 ಮೆಗಾಹರ್ಟ್ಸ್ ನಡುವಿನ ಆವರ್ತನಗಳನ್ನು. ಹನ್ನೊಂದು ವರ್ಷದ ಬಳಿಕ, 1962ರ ಜುಲೈ 10ರಂದು, ಅದೇ ಕಂಪನಿಯ ಬೆಲ್ ಪ್ರಯೋಗಾಲಯ ರೂಪಿಸಿದ ಟೆಲ್‌ಸ್ಟಾರ್ ಉಪಗ್ರಹ ಮೇಲಕ್ಕೆ ಹೋಯಿತು. ಅದು ಭೂಮಿಗೆ ಮಾತು ಕಳಿಸಿದ್ದು 4,170 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನೆಲದ ಗೋಪುರಗಳ ಪಟ್ಟಿಯೊಳಗೇ. ಆ ಆವರ್ತನದ ವಿದ್ಯೆ ಕೈಗೆ ಒಗ್ಗಿತ್ತು, ಮಳೆ ಮೋಡಗಳಿಗೆ ಅದು ಅಷ್ಟಾಗಿ ಸೊರಗುವುದೂ ಇಲ್ಲ. ಮರುವರ್ಷ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೊ ಸಮಾವೇಶ ಇದನ್ನೇ ಕಾಯಂ ಮಾಡಿತು: ಈ ಪಟ್ಟಿಯನ್ನು ಉಪಗ್ರಹಗಳೂ ನೆಲದ ಗೋಪುರಗಳೂ ಹಂಚಿಕೊಳ್ಳಬೇಕು. ನಾವು ಇಂದು ಸಿ-ಬ್ಯಾಂಡ್ ಎನ್ನುವುದು ಇದನ್ನೇ.

ಹಂಚಿಕೆಗೆ ಒಂದು ಷರತ್ತಿತ್ತು. ಮೊದಲು ಬಂದ ಗೋಪುರಗಳಿಗೆ ತೊಂದರೆ ಆಗದಂತೆ ಉಪಗ್ರಹ ಮೆಲ್ಲಗೆ ಮಾತಾಡಬೇಕು. ನೆಲದ ಮೇಲೆ ಬೀಳುವ ಅದರ ಶಕ್ತಿಗೆ ಮಿತಿ ಹಾಕಲಾಯಿತು. ಮೆಲ್ಲಗೆ ಬಂದ ಮಾತನ್ನು ಕೇಳಲು ದೊಡ್ಡ ಕಿವಿ ಬೇಕು. ನಮ್ಮ ಮಾಳಿಗೆಯ ಛತ್ರಿ ಎಂಟು ಅಡಿ ಇದ್ದುದಕ್ಕೆ ಈ ಷರತ್ತೂ ಒಂದು ಕಾರಣ. ನೆರೆಮನೆಯವರ ನಿದ್ದೆ ಕೆಡದಿರಲೆಂದು ಪಿಸುಗುಟ್ಟುವವನ ಮಾತು ಕೇಳಲು ನಾವು ಜಾಲರಿ ಕಟ್ಟಿಕೊಂಡಿದ್ದೆವು.

ಅಲ್ಲಿಯವರೆಗೂ ಉಪಗ್ರಹವನ್ನು ಕೇಳುವ ಕಿವಿ ಸರ್ಕಾರಗಳ, ದೊಡ್ಡ ಕಂಪನಿಗಳ ಸೊತ್ತು. 1976ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟೇಲರ್ ಹೊವರ್ಡ್ ಎಂಬ ಪ್ರಾಧ್ಯಾಪಕರು ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್‌ನಲ್ಲಿದ್ದ ತಮ್ಮ ಮನೆಯಲ್ಲಿ ಡಿಶ್ ಕಟ್ಟಿ, ಕೇಬಲ್ ಕಂಪನಿಗಳಿಗೆಂದು ಇಳಿಯುತ್ತಿದ್ದ ಚಾನೆಲ್‌ಗಳನ್ನು ನೋಡಿದರು. ಪುಕ್ಕಟೆ ನೋಡುವುದು ಸರಿಯಲ್ಲವೆಂದು ಎಚ್‌ಬಿಒಗೆ ನೂರು ಡಾಲರಿನ ಚೆಕ್ಕನ್ನೂ ಕಳಿಸಿದರಂತೆ. ಒಬ್ಬೊಬ್ಬರೊಂದಿಗೆ ವ್ಯವಹಾರ ಮಾಡುವುದಿಲ್ಲವೆಂದು ಅದು ವಾಪಸು ಬಂತು.

ಆಗ ಅಮೆರಿಕದಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಡಿಶ್‌ಗೆ ಪರವಾನಗಿ ಬೇಕಿತ್ತು. ಪರವಾನಗಿ ಎಂದರೆ ಬರೀ ಅರ್ಜಿ ಅಲ್ಲ. ಸುತ್ತಲಿನ ಮೈಕ್ರೋವೇವ್ ಗೋಪುರಗಳೆಲ್ಲ ಎಲ್ಲಿವೆ, ಯಾವ ಕಡೆ ಮುಖ ಮಾಡಿವೆ ಎಂದು ಎಂಜಿನಿಯರರಿಂದ ಲೆಕ್ಕ ಹಾಕಿಸಿ, ತೊಂದರೆ ಆಗದೆಂದು ತೋರಿಸಬೇಕು. ಅದಕ್ಕೆ ಖರ್ಚೂ ಇತ್ತು, ಕಾಯುವಿಕೆಯೂ ಇತ್ತು. ಆದರೆ ಒಮ್ಮೆ ಪರವಾನಗಿ ಸಿಕ್ಕರೆ ನಿಮ್ಮ ಡಿಶ್ ದಾಖಲೆಯಲ್ಲಿದೆ. ನಾಳೆ ಹೊಸ ಗೋಪುರ ಎಬ್ಬಿಸುವವನು ನಿಮಗೆ ಕಾಟ ಕೊಡುವಂತಿಲ್ಲ. 1979ರ ಅಕ್ಟೋಬರಿನಲ್ಲಿ ಅಲ್ಲಿನ ನಿಯಂತ್ರಣ ಮಂಡಳಿ ಎಫ್‌ಸಿಸಿ ಈ ಕಡ್ಡಾಯವನ್ನು ತೆಗೆದುಹಾಕಿತು. ಬೇಕಾದವರು ಪರವಾನಗಿ ಪಡೆಯಬಹುದು, ಬೇಡದವರು ಬಿಡಬಹುದು. ಪಡೆಯದವರಿಗೆ ನೆಲದ ಗೋಪುರಗಳಿಂದ ರಕ್ಷಣೆ ಇಲ್ಲ.

ಸಂಭ್ರಮದಲ್ಲಿ ಕೊನೆಯ ವಾಕ್ಯವನ್ನು ಯಾರೂ ಓದಲಿಲ್ಲ ಅನಿಸುತ್ತದೆ. ಆ ವರ್ಷದ ಕ್ರಿಸ್‌ಮಸ್ ಕ್ಯಾಟಲಾಗಿನಲ್ಲಿ ನೀಮನ್ ಮಾರ್ಕಸ್ ಎಂಬ ಶ್ರೀಮಂತರ ಅಂಗಡಿ 36,500 ಡಾಲರಿಗೆ ಮನೆ ಡಿಶ್ ಮಾರಾಟಕ್ಕಿಟ್ಟಿತು. ಬೆಲೆ ಬೇಗ ಇಳಿಯಿತು. ಎಂಬತ್ತರ ದಶಕದ ನಡುವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಮನೆಗಳ ಹಿತ್ತಲಲ್ಲಿ ಡಿಶ್ ನಿಂತಿತ್ತು, ಅದರಲ್ಲೂ ಕೇಬಲ್ ತಲುಪದ ಹಳ್ಳಿಗಾಡಿನಲ್ಲಿ. ದೂರವಾಣಿ ಗೋಪುರಗಳ ದಾರಿಗೆ ಸಿಕ್ಕಿದ ಮನೆಗಳಲ್ಲಿ ಪರದೆಯ ಮೇಲೆ ಕಿಡಿಗಳು ಚಿಮ್ಮುತ್ತಿದ್ದವು, ಇಲ್ಲವೇ ಚಿತ್ರ ಪೂರಾ ಅಳಿಸಿಹೋಗುತ್ತಿತ್ತು. ದೂರು ಕೊಡುವುದು ಯಾರಿಗೆ? ಅವರ ಡಿಶ್ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹಾಗಾಗಿ ಜನ ತಮ್ಮ ಪಾಡು ತಾವೇ ನೋಡಿಕೊಂಡರು, ಮತ್ತು ಇಲ್ಲಿಯ ಜಾಣತನ ನನಗೆ ತುಂಬ ಇಷ್ಟ. ಮೊದಲ ಉಪಾಯ ನೆರಳು. ಗೋಪುರ ಇರುವ ದಿಕ್ಕಿಗೆ ಮನೆಯ ಗೋಡೆಯೋ ದಿನ್ನೆಯೋ ಅಡ್ಡ ಬರುವಂತೆ ಡಿಶ್ ಇಡುವುದು. ಉಪಗ್ರಹ ಮೇಲಿದೆ, ಗೋಪುರ ಅಡ್ಡಕ್ಕಿದೆ. ಡಿಶ್ ಎತ್ತರದಲ್ಲಿರಬೇಕು ಎನ್ನುವ ನಂಬಿಕೆ ಹಳೆಯ ದೂರದರ್ಶನದ ಕಡ್ಡಿ ಆಂಟೆನಾದಿಂದ ಉಳಿದುಬಂದದ್ದು, ಇಲ್ಲಿ ಅದು ತಪ್ಪು. ಕೆಲವರು ಗುಂಡಿ ತೋಡಿ ಅದರೊಳಗೆ ಡಿಶ್ ಇಳಿಸಿದರು. ಕೆಲವರು ಲೋಹದ ಜಾಲರಿಯ ಬೇಲಿ ಕಟ್ಟಿದರು. ಎರಡನೆಯ ಉಪಾಯ ಇನ್ನೂ ನಾಜೂಕಿನದು. ದೂರವಾಣಿ ಗೋಪುರದ ಅಲೆಗಳ ನಡುಬಿಂದು ಉಪಗ್ರಹದ ಚಾನೆಲ್‌ನ ನಡುಬಿಂದುವಿನಿಂದ ಸರಿಯಾಗಿ 10 ಮೆಗಾಹರ್ಟ್ಸ್ ಆಚೆ ಅಥವಾ ಈಚೆ ಇರುವಂತೆ ಪಟ್ಟಿಯನ್ನು ಹೆಣೆಯಲಾಗಿತ್ತು. ಆಗಿನ ರಿಸೀವರುಗಳು ಚಾನೆಲನ್ನು ಒಳಗೆ 70 ಮೆಗಾಹರ್ಟ್ಸ್‌ಗೆ ಇಳಿಸಿಕೊಳ್ಳುತ್ತಿದ್ದವು. ಹಾಗಾದರೆ ಕಾಟ ಯಾವಾಗಲೂ 60ರಲ್ಲೋ 80ರಲ್ಲೋ ಬಂದು ಕೂರಬೇಕು. ಆ ಎರಡು ಜಾಗದಲ್ಲಿ ಕಿರಿದಾಗಿ ಕೊರೆದು ತೆಗೆಯುವ ಫಿಲ್ಟರ್ ಹಾಕಿದರೆ ಚಿತ್ರಕ್ಕೆ ಅಷ್ಟೇನೂ ನಷ್ಟವಿಲ್ಲದೆ ಕಿಡಿ ನಿಲ್ಲುತ್ತದೆ. ನ್ಯೂಯಾರ್ಕ್ ರಾಜ್ಯದ ಈಸ್ಟ್ ಸಿರಾಕ್ಯೂಸ್‌ನಲ್ಲಿದ್ದ ಮೈಕ್ರೋವೇವ್ ಫಿಲ್ಟರ್ ಕಂಪನಿ ಇಂಥ ಡಬ್ಬಿಗಳನ್ನು ಮಾಡಿ ಮಾರಿತು.

ಆ ಕಾಟ ಕೊನೆಗೆ ತೊಲಗಿದ್ದು ಮಾತ್ರ ಫಿಲ್ಟರಿನಿಂದಲ್ಲ. ದೂರವಾಣಿಯವರು ಗಾಜಿನ ಎಳೆಗೆ, ಅಂದರೆ ಆಪ್ಟಿಕಲ್ ಫೈಬರಿಗೆ ಹೋದರು. ಗೋಪುರಗಳು ಮೌನವಾದವು. ನೆರೆಯವನು ಮನೆ ಖಾಲಿ ಮಾಡಿದ, ಜಗಳ ಮುಗಿಯಿತು. ಇಪ್ಪತ್ತು ವರ್ಷ ಸಿ-ಬ್ಯಾಂಡ್ ಬಹುಮಟ್ಟಿಗೆ ಉಪಗ್ರಹದ್ದೇ ಆಗಿತ್ತು. ಆ ಖಾಲಿತನವೇ ಮುಂದೆ ಮೊಬೈಲ್ ಕಂಪನಿಗಳ ಕಣ್ಣಿಗೆ ಬಿತ್ತು.

ಮೊಬೈಲಿನ ಕಾಟ ಎರಡು ಬಾಗಿಲಿಂದ ಬರುತ್ತದೆ, ಇವೆರಡನ್ನು ಬೆರೆಸಿದರೆ ಔಷಧ ತಪ್ಪುತ್ತದೆ. ಡಿಶ್‌ನ ಮುಂದೆ, ಅಲೆಗಳು ಕೂಡುವ ಜಾಗದಲ್ಲಿ, ಎಲ್‌ಎನ್‌ಬಿ ಎಂಬ ಡಬ್ಬಿ ಇರುತ್ತದೆ. ಅದು ಬಂದದ್ದನ್ನು ಹಿಗ್ಗಿಸಿ, ಕೇಬಲಿನಲ್ಲಿ ಹರಿಯಬಲ್ಲ ಕಡಿಮೆ ಆವರ್ತನಕ್ಕೆ ಇಳಿಸಿ ಕೆಳಗೆ ಕಳಿಸುತ್ತದೆ. ಸಿ-ಬ್ಯಾಂಡಿನ ಎಲ್‌ಎನ್‌ಬಿಯ ಲೆಕ್ಕ ಸುಲಭ: 5,150ರಿಂದ ಚಾನೆಲಿನ ಆವರ್ತನ ಕಳೆಯಿರಿ. 4,200 ಇದ್ದದ್ದು 950 ಆಗುತ್ತದೆ, 3,700 ಇದ್ದದ್ದು 1,450. ಅಂದರೆ ಪಟ್ಟಿಯ ಮೇಲ್ತುದಿಯ ಚಾನೆಲ್ ಕೇಬಲಿನೊಳಗೆ 950 ಮೆಗಾಹರ್ಟ್ಸ್ ಸುತ್ತ ಓಡುತ್ತಿರುತ್ತದೆ. ನಮ್ಮ ದೇಶದ ಜಿಎಸ್‌ಎಂ ಟವರುಗಳು ಮಾತಾಡುವುದು 935ರಿಂದ 960ರಲ್ಲಿ. ಕೇಬಲಿನ ಹೊದಿಕೆ ಹರಿದಿದ್ದರೆ, ಜೋಡಣೆ ಸಡಿಲವಾಗಿದ್ದರೆ ಟವರಿನ ಮಾತು ಅಲ್ಲಿಂದ ಒಳನುಗ್ಗಿ ಆ ಒಂದು ಚಾನೆಲನ್ನು ಮಾತ್ರ ಕೆಡಿಸುತ್ತದೆ.

ನಮ್ಮ ಡೊಂಬಿವಲಿಯ ಕಥೆ ಇದೇ ಇರಬೇಕು. ಕೇಬಲ್‌ಗೆ ಮಾಳಿಗೆಯಲ್ಲಿ ಎರಡು ಕಡೆ ಬರೀ ಟೇಪು ಸುತ್ತಿ ಗಂಟು ಹಾಕಲಾಗಿತ್ತು. ಅಪ್ಪ ಮೂರು ವಾರ ಡಿಶ್ ತಿರುಗಿಸಿ ಸೋತು, ಕೊನೆಗೆ ಬೇಸತ್ತು ಕೇಬಲನ್ನೇ ಬದಲಿಸಿದರು, ತುದಿಗೆ ಸ್ಕ್ರೂ ಹಾಕುವ ಕನೆಕ್ಟರ್ ಹಾಕಿಸಿದರು. ಚೌಕಗಳು ನಿಂತವು. ಟವರಿಗೆ ಬೈಗುಳ ಮಾತ್ರ ನಿಲ್ಲಲಿಲ್ಲ.

ಇದೇ ಬಾಗಿಲಿನ ಹೆಸರುವಾಸಿ ಪ್ರಕರಣ ಜರ್ಮನಿಯದು. ಅಲ್ಲಿಯ ಡಿಶ್‌ಗಳು ಕು-ಬ್ಯಾಂಡಿನವು, ನಮ್ಮ ಈಗಿನ ಡಿಟಿಎಚ್ ತಟ್ಟೆಗಳ ಹಾಗೆ. 12,480 ಮೆಗಾಹರ್ಟ್ಸ್‌ನಲ್ಲಿ ಇಳಿಯುತ್ತಿದ್ದ ಪ್ರೋಸೀಬೆನ್, ಸಾಟ್ 1 ಮೊದಲಾದ ಚಾನೆಲ್‌ಗಳು ಎಲ್‌ಎನ್‌ಬಿಯಲ್ಲಿ 10,600 ಕಳೆದು 1,880 ಆಗುತ್ತಿದ್ದವು. ಮನೆಯೊಳಗಿನ ಡೆಕ್ಟ್ ಎಂಬ ನಿಸ್ತಂತು ದೂರವಾಣಿ ಯುರೋಪಿನಲ್ಲಿ ಬಳಸುವುದು 1,880ರಿಂದ 1,900. ಫೋನು ಬಂದರೆ ಸಿನಿಮಾ ಒಡೆಯುತ್ತಿತ್ತು. ಮನೆಮನೆಯಲ್ಲಿ ಕೇಬಲ್ ಬದಲಾಯಿಸುವುದೇ ಮದ್ದಾಯಿತು. ಭಾರತದ ಡಿಟಿಎಚ್ ಮನೆಗಳಲ್ಲೂ ಟವರಿನ ಕಾಟ ಅಂತ ಏನಾದರೂ ಇದ್ದರೆ ಬಹುತೇಕ ಈ ಬಗೆಯದೇ; 1,800ರ ಮೊಬೈಲ್ ಪಟ್ಟಿ ಕೂಡ ಕೇಬಲಿನೊಳಗಿನ ಓಣಿಯಲ್ಲೇ ಬರುತ್ತದೆ. ಒಳ್ಳೆಯ ಹೊದಿಕೆಯ ಕೇಬಲು, ಬಿಗಿಯಾದ ಕನೆಕ್ಟರು, ಅಗ್ಗದ ಸ್ಪ್ಲಿಟರಿಗೆ ವಿದಾಯ. ಫಿಲ್ಟರಿಗೆ ಇಲ್ಲಿ ದುಡ್ಡು ಹಾಕಬೇಕಿಲ್ಲ.

ಇನ್ನೊಂದು ಬಾಗಿಲು ಡಿಶ್‌ನ ಬಾಯಿಯೇ. 5ಜಿ ಬಂದದ್ದು ಈ ಬಾಗಿಲಿಂದ. ಲೋಕದ ಬಹಳಷ್ಟು ದೇಶಗಳು 5ಜಿಗೆ ಕೊಟ್ಟದ್ದು 3,300ರಿಂದ 3,800 ಮೆಗಾಹರ್ಟ್ಸ್ ನಡುವಿನ ಭಾಗಗಳನ್ನು. ಹಳೆಯ ಎಲ್‌ಎನ್‌ಬಿಗಳು 3,400ರಿಂದಲೇ ಕಿವಿ ತೆರೆದುಕೊಂಡಿರುತ್ತವೆ. ಉಪಗ್ರಹದ ಪಿಸುಮಾತು 36,000 ಕಿಲೊಮೀಟರ್ ದಾಟಿ ಬರುತ್ತಿದೆ, ಟವರು ಮುನ್ನೂರು ಮೀಟರ್ ಆಚೆ ಇದೆ. ಜಾತ್ರೆಯ ಮೈಕಿನ ಕೆಳಗೆ ನಿಂತು ಗುಡಿಯೊಳಗಿನ ಮಂತ್ರ ಕೇಳುವ ಪಾಡು. ಟವರು ಬೇರೆ ಆವರ್ತನದಲ್ಲಿದ್ದರೂ ಎಲ್‌ಎನ್‌ಬಿಯ ಹಿಗ್ಗಿಸುವ ಭಾಗ ಅದರ ಅಬ್ಬರದಲ್ಲೇ ತುಂಬಿಹೋಗುತ್ತದೆ, ಎಲ್ಲ ಚಾನೆಲುಗಳೂ ಒಟ್ಟಿಗೆ ಸಾಯುತ್ತವೆ. ಇಲ್ಲಿ ಎಂಬತ್ತರ ದಶಕದ ಕೊರೆಯುವ ಡಬ್ಬಿ ಕೆಲಸ ಮಾಡದು. ಎಲ್‌ಎನ್‌ಬಿಯ ನಂತರ ಏನು ಹಾಕಿದರೂ ಅದು ಕೆಟ್ಟ ಹಾಲನ್ನು ಸೋಸಿದಂತೆ. ಫಿಲ್ಟರ್ ಎಲ್‌ಎನ್‌ಬಿಗಿಂತ ಮೊದಲೇ, ಡಿಶ್‌ನ ಮೂತಿಗೂ ಡಬ್ಬಿಗೂ ನಡುವೆ ಕೂರಬೇಕು: ಬೋಲ್ಟು ಹಾಕಿ ಬಿಗಿಯುವ ಒಂದು ಗಟ್ಟಿ ಲೋಹದ ತುಂಡು, 3,700ರಿಂದ 4,200ರವರೆಗಿನದನ್ನು ಮಾತ್ರ ಒಳಬಿಡುವಂಥದು. ಅಥವಾ ಅಷ್ಟನ್ನೇ ಕೇಳುವ ಹೊಸ ಎಲ್‌ಎನ್‌ಬಿ. ಇವುಗಳ ಜೊತೆ ಆ ಹಳೆಯ ಗೋಡೆಯ ನೆರಳು, ಜಾಲರಿ ಬೇಲಿ ಇಂದಿಗೂ ನಡೆಯುತ್ತವೆ.

ಔಷಧ ಗೊತ್ತಿದೆ, ಸರಿ. ಬಿಲ್ಲು ಯಾರದು ಎಂಬಲ್ಲಿ ದೇಶದೇಶಕ್ಕೆ ಉತ್ತರ ಬದಲಾಗುತ್ತದೆ.

ಅಮೆರಿಕದಲ್ಲಿ ಎಫ್‌ಸಿಸಿ 2020ರಲ್ಲಿ ಸಿ-ಬ್ಯಾಂಡಿನ ಕೆಳಗಿನ ದೊಡ್ಡ ತುಂಡನ್ನು ಮೊಬೈಲಿಗೆ ಬಿಡಿಸಲು ತೀರ್ಮಾನಿಸಿತು. 2020ರ ಡಿಸೆಂಬರಿನಲ್ಲಿ ಶುರುವಾದ ಹರಾಜು 8,100 ಕೋಟಿ ಡಾಲರಿಗೂ ಮೀರಿತು. ಬೇಗ ಜಾಗ ಬಿಟ್ಟುಕೊಟ್ಟದ್ದಕ್ಕೆ ಉಪಗ್ರಹ ಕಂಪನಿಗಳಿಗೆ 970 ಕೋಟಿ ಡಾಲರುವರೆಗೆ ಬಹುಮಾನ. ನೆಲದ ಡಿಶ್‌ಗಳಿಗೆ ಫಿಲ್ಟರ್ ಹಾಕಿಸುವ ಖರ್ಚು ಹರಾಜು ಗೆದ್ದವರ ತಲೆಯ ಮೇಲೆ, ಆದರೆ ಯಾವ ಡಿಶ್‌ಗಳಿಗೆ? ನೋಂದಾಯಿಸಿದವಕ್ಕೆ. 2018ರಲ್ಲಿ ಕೆಲವು ತಿಂಗಳು ನೋಂದಣಿಯ ಕಿಟಕಿ ತೆರೆದಿದ್ದರು. ಟಿವಿ ಕೇಂದ್ರಗಳು, ಕೇಬಲ್ ಕಂಪನಿಗಳು ಸಾಲುಗಟ್ಟಿದವು. ಹಿತ್ತಲಿನ ಹಳೆಯ ಡಿಶ್‌ನ ಮುದುಕನಿಗೆ ಆ ಕಿಟಕಿಯ ಸುದ್ದಿ ಯಾರು ಮುಟ್ಟಿಸಬೇಕು? 1979ರಲ್ಲಿ ಕಾಗದವಿಲ್ಲದೆ ಆಕಾಶ ನೋಡುವ ಸ್ವಾತಂತ್ರ್ಯ ಕೊಟ್ಟ ಮಂಡಳಿಯೇ ನಲವತ್ತು ವರ್ಷದ ಮೇಲೆ ಕಾಗದ ಕೇಳಿತ್ತು.

ಬ್ರೆಜಿಲ್ ಬೇರೆ ದಾರಿ ಹಿಡಿಯಿತು, ಅಥವಾ ಹಿಡಿಯಲೇಬೇಕಾಯಿತು. ಆ ದೇಶದ ಮೊದಲ ಸ್ವಂತ ಉಪಗ್ರಹ ಬ್ರೆಸಿಲ್‌ಸ್ಯಾಟ್ ಮೇಲೇರಿದ್ದು 1985ರಲ್ಲಿ. ಅಲ್ಲಿಂದಾಚೆ, ಟಿವಿ ಗೋಪುರಗಳು ಮುಟ್ಟದ ಒಳನಾಡಿನಲ್ಲಿ ಸಿ-ಬ್ಯಾಂಡ್ ಡಿಶ್ ಶ್ರೀಮಂತರ ಆಟಿಕೆಯಾಗಲಿಲ್ಲ, ಬಡವರ ಮನೆಯ ಸಾಮಾನಾಯಿತು. ಒಮ್ಮೆ ಕೊಂಡರೆ ತಿಂಗಳ ಚಂದಾ ಇಲ್ಲ. ಕೋಟಿಗೂ ಮೀರಿದ ಮನೆಗಳ ಪಕ್ಕ ಜಾಲರಿ ಡಿಶ್ ನಿಂತಿತ್ತು. ಇವುಗಳಲ್ಲಿ ಒಂದೂ ನೋಂದಣಿಯಾದದ್ದಲ್ಲ, ಆದರೆ ಅಷ್ಟು ಜನರ ಧಾರಾವಾಹಿ, ಫುಟ್‌ಬಾಲ್ ನಿಲ್ಲಿಸಿ ಯಾವ ಸರ್ಕಾರ ಉಳಿದೀತು. ಫಿಲ್ಟರ್ ಇರುವ ಎಲ್‌ಎನ್‌ಬಿ ಹಂಚಿದರೆ ಸಾಕೇ, ಎಲ್ಲರನ್ನೂ ಕು-ಬ್ಯಾಂಡಿಗೆ ಸಾಗಿಸಬೇಕೇ ಎಂದು ಬಹಳ ಚರ್ಚೆ ನಡೆದು ಎರಡನೆಯದು ಗೆದ್ದಿತು. 2021ರ ನವೆಂಬರಿನ ಹರಾಜಿನಲ್ಲಿ 3,300ರಿಂದ 3,700ರ ಪಟ್ಟಿ ಗೆದ್ದ ಕಂಪನಿಗಳು ಒಂದು ಸಂಸ್ಥೆಗೆ ಹಣ ತುಂಬಬೇಕಾಯಿತು. ಸರ್ಕಾರದ ಬಡಕುಟುಂಬಗಳ ಪಟ್ಟಿಯಲ್ಲಿರುವ, ಮನೆಯಲ್ಲಿ ಕೆಲಸ ಮಾಡುವ ಹಳೆಯ ಡಿಶ್ ಇರುವ ಯಾರೇ ಕೇಳಿದರೂ ಆ ಸಂಸ್ಥೆಯವರು ಬಂದು ಹೊಸ ಸಣ್ಣ ಡಿಶ್, ಹೊಸ ರಿಸೀವರ್ ಪುಕ್ಕಟೆ ಹಾಕಿಕೊಡುತ್ತಿದ್ದರು. 2022ರ ಜುಲೈ 6ರಂದು ಬ್ರೆಸಿಲಿಯಾದಲ್ಲಿ ಮೊದಲ 5ಜಿ ಟವರುಗಳು ಹೊತ್ತಿಕೊಂಡವು. ಉಳಿದ ರಾಜ್ಯ ರಾಜಧಾನಿಗಳ ಗಡುವನ್ನು ಮುಂದೂಡಬೇಕಾಯಿತು, ಫಿಲ್ಟರುಗಳೂ ಉಪಕರಣಗಳೂ ಸಮಯಕ್ಕೆ ಬರಲಿಲ್ಲವೆಂದು. ಮೊಬೈಲ್ ಡಿಶ್‌ಗಾಗಿ ಕಾದು ನಿಂತದ್ದು ಬಹುಶಃ ಅಲ್ಲೊಂದೇ ಕಡೆ.

ನಮ್ಮಲ್ಲಿ? ನಮ್ಮ ಕಥೆ ಸಿ-ಬ್ಯಾಂಡಿಗಿಂತ ಹಿಂದಿನಿಂದ ಶುರುವಾಗುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಇಳಿಯಿತು. ಸೈಟ್ ಎಂಬ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿದ್ದವು. ಬಿಜಾಪುರ ಜಿಲ್ಲೆಯ ನಮ್ಮೂರಿಗೆ ಸೆಟ್ಟು ಬಂದಿರಲಿಲ್ಲ, ಪಕ್ಕದ ಊರಿಗೆ ಬಂದಿತ್ತು; ಅಪ್ಪ ಆಗ ಹದಿನೈದರ ಹುಡುಗ, ಸಂಜೆ ನಡೆದು ಹೋಗಿ ನೋಡುತ್ತಿದ್ದರಂತೆ. ಆ ಹಳ್ಳಿಗಳ ಡಿಶ್ ಕೋಳಿಗೂಡಿನ ಜಾಲರಿಯಿಂದ ಮಾಡಿದ್ದು, ಹತ್ತಡಿ ಅಗಲ. ಅದು ಕೇಳಿಸಿಕೊಂಡದ್ದು 860 ಮೆಗಾಹರ್ಟ್ಸ್. ಮುಂದೆ ಇನ್ಸಾಟ್-1ಬಿ 1983ರಲ್ಲಿ ಬಂದಾಗ ಹಳ್ಳಿಗಳ ಸಮುದಾಯ ಟಿವಿಗೆ ಕೊಟ್ಟದ್ದು 2,500 ಮೆಗಾಹರ್ಟ್ಸ್ ಮೇಲಿನ ಎಸ್-ಬ್ಯಾಂಡ್. ಆಮೇಲೆ ತೊಂಬತ್ತರ ದಶಕದ ಏಷ್ಯಾಸ್ಯಾಟ್, ಸ್ಟಾರ್ ಟಿವಿ, ಕೇಬಲ್‌ನವರ ಸಿ-ಬ್ಯಾಂಡ್.

ಈ ಮೂರು ಅಂಕಿಗಳನ್ನು ಇಂದಿನ ಮೊಬೈಲ್ ನಕಾಶೆಯ ಮೇಲಿಟ್ಟು ನೋಡಿದಾಗ ನಾನು ತುಸು ಹೊತ್ತು ಸುಮ್ಮನೆ ಕುಳಿತೆ. 860ರ ಪಕ್ಕದಲ್ಲೇ, 869ರಿಂದ, ಈಗ ಟವರುಗಳು ಮಾತಾಡುತ್ತವೆ. 2,500ರ ಪಟ್ಟಿ 2016ರಲ್ಲಿ ಮೊಬೈಲಿಗೆ ಹರಾಜಾಯಿತು. 2022ರ ಜುಲೈ 26ರಂದು ಶುರುವಾದ ಹರಾಜಿನಲ್ಲಿ 3,300ರಿಂದ 3,670ರವರೆಗಿನದೂ ಹೋಯಿತು. ಹಳ್ಳಿಯ ಡಿಶ್ ಎಲ್ಲೆಲ್ಲಿ ಕಿವಿ ಇಟ್ಟಿತ್ತೋ ಅಲ್ಲಲ್ಲೇ, ಅಥವಾ ಅದರ ಗೋಡೆಗೆ ತಾಗಿ, ಫೋನು ಬಂದು ನೆಲೆಸಿದೆ. ಇದರಲ್ಲಿ ಯಾರ ಸಂಚೂ ಇಲ್ಲ. ಗಾಳಿಯಲ್ಲಿ ಸಲೀಸಾಗಿ ಸಾಗುವ, ಅಗ್ಗದ ಉಪಕರಣಕ್ಕೆ ಸಿಗುವ ಆವರ್ತನಗಳು ಸ್ವಲ್ಪವೇ. ಇಬ್ಬರಿಗೂ ಅದೇ ಬೇಕು. ವ್ಯತ್ಯಾಸ ಇಷ್ಟೇ, ಒಬ್ಬರು ಅದಕ್ಕೆ ಹಣ ಕಟ್ಟುತ್ತಾರೆ, ಇನ್ನೊಬ್ಬರು ಸುಮ್ಮನೆ ಕೇಳುತ್ತಾರೆ.

ನಮ್ಮ ಹರಾಜು 3,670ಕ್ಕೆ ನಿಂತಿತು, ಇನ್ಸಾಟ್ ಟಿವಿ 3,700ಕ್ಕೆ ಶುರು. ನಡುವೆ 30 ಮೆಗಾಹರ್ಟ್ಸ್ ಖಾಲಿ ಓಣಿ. ಒಳ್ಳೆಯ ಫಿಲ್ಟರ್ ಇದ್ದರೆ ಆ ಓಣಿ ಸಾಕು. ಫಿಲ್ಟರ್ ಇಲ್ಲದ ಹಳೆಯ ಎಲ್‌ಎನ್‌ಬಿಗೆ ಓಣಿ ಕಾಣುವುದೇ ಇಲ್ಲ. ಟಿವಿ ಕಂಪನಿಗಳು, ಕೇಬಲ್ ಕೇಂದ್ರಗಳು ತಮ್ಮ ಡಿಶ್‌ಗಳಿಗೆ ಫಿಲ್ಟರ್ ಹಾಕಿಕೊಂಡು ಸಂಭಾಳಿಸಬಲ್ಲವು. ಮನೆಯ ಡಿಶ್‌ಗೆ ಬ್ರೆಜಿಲ್‌ನಂಥ ಉಚಿತ ಕಿಟ್ ಇಲ್ಲಿ ಬರಲಿಲ್ಲ. ಬಹುಪಾಲು ಮನೆಗಳು ಅಷ್ಟರಲ್ಲಿ ಕು-ಬ್ಯಾಂಡಿನ ತಟ್ಟೆಗೋ ಮೊಬೈಲಿಗೋ ಹೋಗಿಯಾಗಿದ್ದರಿಂದ ಕೂಗೂ ಏಳಲಿಲ್ಲ. ಉಳಿದವರು ಸಿ-ಬ್ಯಾಂಡಿನ ಚಂದಾ ಇಲ್ಲದ ಚಾನೆಲುಗಳನ್ನು ನೆಚ್ಚಿಕೊಂಡವರು, ಅಥವಾ ನಮ್ಮಪ್ಪನಂಥವರು.

ಹೌದು, ಡೊಂಬಿವಲಿಯ ಆ ಛತ್ರಿ ಈಗಲೂ ಇದೆ. ಉಳಿದ ಎರಡು ಕನ್ನಡ ಮನೆಗಳು ಊರು ಬಿಟ್ಟಿವೆ. ಎದುರಿನ ಟವರಿಗೆ ಹೊಸ ಚೌಕ ಪೆಟ್ಟಿಗೆಗಳು ಬಂದ ಮೇಲೆ ಎಲ್ಲ ಚಾನೆಲೂ ಒಂದೇ ದಿನ ಹೋದವು. ನಾನು ಕೈಪಿಡಿಯ ಕೆಲಸ ಮುಗಿಸಿ, ಅದರಲ್ಲಿ ಹೇಳಿದಂಥದೇ ಒಂದು ಫಿಲ್ಟರ್ ತರಿಸಿ, ದೀಪಾವಳಿಗೆ ಹೋದಾಗ ಮೇಲೆ ಹತ್ತಿ ಕೂರಿಸಿದೆ. ಡಿಶ್ಶನ್ನು ನೀರಿನ ಟಾಕಿಯ ಮರೆಗೂ ಸರಿಸಿದೆ. ಅಪ್ಪ ಈಗ ಮೆಟ್ಟಿಲು ಹತ್ತಲಾರರು, ಬಾಲ್ಕನಿಯಲ್ಲಿ ಅವ್ವನ ಪಕ್ಕ ನಿಂತಿದ್ದರು. ಎಲ್ಲ ಬರಲಿಲ್ಲ. ಹನ್ನೊಂದರಲ್ಲಿ ಎಂಟು ಬಂದವು.

ಕೈಪಿಡಿಯಲ್ಲಿ ನಾನು 'ಮೊಬೈಲ್ ಟವರಿನ ಕಾಟ' ಎಂದೇ ಬರೆದು ಕಳಿಸಿದ್ದೆ. ಪರಿಶೀಲಿಸಿದವರು ಅದನ್ನು ಹೊಡೆದುಹಾಕಿ 'ಹಸ್ತಕ್ಷೇಪ' ಮಾಡಿದ್ದಾರೆ.